ನಾಲ್ಕು ಮಂದಿ ಹೊಡೆದ ಒಂದು ಹೋಮ್ ರನ್

ಎವಾರಿಸ್ತೊ ಬ್ರಾಸೊಬಾನ್ ಸುಳ್ಳು ಹೇಳಲಿಲ್ಲ. ಅವನಿಗೆ ಸೀನು ಬಂತು, ಅಷ್ಟೇ. ಇದನ್ನು ನಾನು ಯಾವ ನ್ಯಾಯಾಧೀಶರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಏಕೆಂದರೆ ಸೀನು ಬಂದದ್ದು ನನ್ನ ಕ್ಷೌರದಂಗಡಿಯಲ್ಲಿ, ನನ್ನ ಕುರ್ಚಿಯ ಮೇಲೆ, ನಾನು ಅವನ ಕತ್ತಿಗೆ ಪೌಡರು ಹಚ್ಚುತ್ತಿದ್ದಾಗ.

ಪುಯೆರ್ತೊ ಹೊಂದೊ ಊರಿನ ನಮ್ಮ ಲಾ ಸಾಲಿನಾ ಕೇರಿಯಲ್ಲಿ ಎವಾರಿಸ್ತೊ ಫ್ಯಾನು ರಿಪೇರಿ ಮಾಡುವವನು. ಕರೆಂಟು ಇಲ್ಲದಾಗ ಫ್ಯಾನು ಕೆಟ್ಟಿದೆಯೋ ಸರಿಯಿದೆಯೋ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಕರೆಂಟು ಇರುವುದೇ ಅಪರೂಪ. ಆದ್ದರಿಂದ ಅವನಿಗೆ ಯಾವಾಗಲೂ ಬಿಡುವು. ಬಿಡುವಾದಾಗಲೆಲ್ಲ ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ತಲೆಯಲ್ಲಿ ಕೂದಲು ಹೆಚ್ಚಿರಲಿಲ್ಲ. ಇದ್ದಷ್ಟನ್ನೇ ವಾರಕ್ಕೊಮ್ಮೆ ಕತ್ತರಿಸಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಸುವುದು ನನ್ನ ಧರ್ಮವಾಗಿತ್ತು.

ಮೂವತ್ತು ವರ್ಷಕ್ಕೂ ಹಿಂದೆ ಈ ಎವಾರಿಸ್ತೊ ಸಾನ್ ಬೆನಿತೊ ನಗರದ ಹೆಜ್ಜಾರ್ಲೆ ತಂಡದಲ್ಲಿ ಬೇಸ್‌ಬಾಲ್ ಆಟಗಾರನಾಗಿದ್ದ. ಸಂಬಳಕ್ಕೆ ಆಡುವ ದೊಡ್ಡ ತಂಡ ಅದು. ಎರಡು ಋತು ಆಡಿದ ಎಂದು ಹೇಳಬಹುದು, ಕೂತಿದ್ದ ಎಂದರೆ ಹೆಚ್ಚು ಸರಿ. ಒಮ್ಮೆ ಕಾಲುನೋವಾದವನ ಬದಲಿಗೆ ಓಡಲು ಅವನನ್ನು ಓಟದ ಮೊದಲ ನಿಲ್ದಾಣವಾದ ಮೊದಲನೆಯ ಬೇಸ್‌ಗೆ ಕಳಿಸಿದರು. ಮೈದಾನಕ್ಕೆ ಕಾಲಿಟ್ಟ ಸಂಭ್ರಮದಲ್ಲಿ ಗ್ಯಾಲರಿಯಲ್ಲಿದ್ದ ತನ್ನ ಚಿಕ್ಕಪ್ಪನಿಗೆ ಕೈ ಬೀಸಿದ. ಬೀಸಿದ ಕೈ ಇಳಿಯುವುದರೊಳಗೆ ಎದುರಾಳಿ ಬಂದು ಚೆಂಡು ತಾಗಿಸಿ ಔಟ್ ಮಾಡಿ ಹೋದ. ಇನ್ನೊಮ್ಮೆ ಬ್ಯಾಟು ಹಿಡಿದು ನಿಂತಾಗ ಮೊದಲ ಚೆಂಡೇ ಮೊಣಕೈಗೆ ಬಡಿಯಿತು. ತಂಡದ ಗುಂಪು ಫೋಟೋದಲ್ಲಿ ಅವನಿದ್ದಾನೆ, ಆದರೆ ಮುಂದಿನವನ ಟೋಪಿ ಅವನ ಮುಖಕ್ಕೆ ಅಡ್ಡ ಬಂದಿದೆ. ಅಲ್ಲಿಗೆ ಆತನ ಕ್ರೀಡಾ ಜೀವನ ಮುಗಿಯಿತು.

ಹಾಗೆಂದು ಹೆಜ್ಜಾರ್ಲೆ ತಂಡ ಸಾಮಾನ್ಯದ್ದಲ್ಲ. ಎವಾರಿಸ್ತೊ ಬೆಂಚಿನ ಮೇಲಿದ್ದ ಎರಡನೆಯ ವರ್ಷವೇ ಅದು ಕಪ್ಪು ಗೆದ್ದಿತು. ಕೊನೆಯ ಆಟದ ಕೊನೆಯ ಘಳಿಗೆ, ನಮ್ಮವರು ಒಂದು ರನ್ ಹಿಂದೆ, ಆಗ ಒಬ್ಬ ಹೊಡೆದ ಚೆಂಡು ಗೋಡೆ ದಾಟಿ, ಹೊರಗಿದ್ದ ಬಾಳೆಕಾಯಿ ಗಾಡಿಯೊಳಗೆ ಬಿತ್ತು. ಆ ಹೋಮ್ ರನ್ ಕೇಳಿದಾಗ ತಾನು ಎಲ್ಲಿದ್ದೆ ಎಂದು ಇಲ್ಲಿಯ ಪ್ರತಿಯೊಬ್ಬನೂ ಹೇಳಬಲ್ಲ. ಹೊಡೆದವನು ಯಾರು ಎಂದು ಮಾತ್ರ ಯಾರಿಗೂ ನೆನಪಿರಲಿಲ್ಲ. ರೇಡಿಯೋದವನು ಹೆಸರು ಹೇಳುವ ಹೊತ್ತಿಗೆ ಇಡೀ ದೇಶ ಕಿರುಚುತ್ತಿತ್ತು. ಮರುದಿನ ಪತ್ರಿಕೆಗಳು ಆ ಹೆಸರನ್ನು ಒಂದೊಂದೂ ಒಂದೊಂದು ರೀತಿ ಅಚ್ಚು ಹಾಕಿದವು. ಅವನೊಬ್ಬ ಅಮೆರಿಕದವನು, ಕೆಲವೇ ವಾರಕ್ಕೆಂದು ಬಂದವನು, ಹೆಸರು ಹಾಕೆನ್‌ಬೆರಿ. ನಮ್ಮ ಬಾಯಿಯಲ್ಲಿ ಅದು ಓಕೆಂಬೇರಿ ಆಗಿ, ಬೆರಿ ಆಗಿ, ಕೊನೆಗೆ ಏನೂ ಇಲ್ಲವಾಯಿತು. ಹೇಳಲು ಹೋದರೆ ಕೆಮ್ಮು ಬಂದಂತಾಗುವ ಹೆಸರನ್ನು ಜನ ಎಷ್ಟು ದಿನ ನೆನಪಿಟ್ಟುಕೊಂಡಾರು? ಮುಂದೆ ತಂಡವೂ ಮುಚ್ಚಿತು, ಅದರ ಕಾಗದಪತ್ರಗಳನ್ನು ಚಂಡಮಾರುತ ತೆಗೆದುಕೊಂಡು ಹೋಯಿತು.

ಈಗ ಸೀನಿನ ವಿಷಯಕ್ಕೆ ಬರುತ್ತೇನೆ. ಎದುರು ಬದಿಯಲ್ಲಿ ಲಾಟರಿ ಮಾರುವ ಚಿಚೊ ಅಂದು ನನ್ನ ಅಂಗಡಿಯ ಬಾಗಿಲಿಗೆ ಒರಗಿ ನಿಂತು, ಆ ಹೋಮ್ ರನ್ನಿನಂಥ ಹೊಡೆತ ಇನ್ನು ಹುಟ್ಟುವುದಿಲ್ಲ ಎಂದು ನಿಟ್ಟುಸಿರಿಟ್ಟ. ಕುರ್ಚಿಯಲ್ಲಿದ್ದ ಎವಾರಿಸ್ತೊ ಕಣ್ಣು ಮುಚ್ಚಿಕೊಂಡೇ ಹೇಳಿದ:

"ಆ ಹೋಮ್ ರನ್ ನಂದೇ..."

ಅಷ್ಟರಲ್ಲಿ ಪೌಡರು ಮೂಗಿಗೆ ಹೋಯಿತು. ಅವನು ಹೇಳಹೊರಟದ್ದು "ನಂದೇ ಬ್ಯಾಟಲ್ಲಿ ಹೊಡೆದಿದ್ದು" ಎಂದು. ಒಂದರ ಮೇಲೊಂದು ಸೀನು ಬಂದು, ಕಣ್ಣೊರೆಸಿಕೊಂಡು, "ಬ್ಯಾಟಲ್ಲಿ" ಎಂಬ ಮಾತು ಹೊರಬೀಳುವಾಗ ಚಿಚೊ ರಸ್ತೆ ದಾಟಿ, ತನ್ನ ಲಾಟರಿ ಕಟ್ಟೆಯ ಮುಂದೆ ನಿಂತಿದ್ದವರಿಗೆಲ್ಲ ಸುದ್ದಿ ಹಂಚಿ, ಮೀನಂಗಡಿಯತ್ತ ನಡೆದಿದ್ದ. ಚಿಚೊ ನಡೆಯುವವನಲ್ಲ. ಅವನ ಕಟ್ಟೆಗೆ ಬೆಂಕಿ ಬಿದ್ದಾಗಲೂ ಕುರ್ಚಿಸಮೇತ ಎತ್ತಿ ಹೊರಗಿಡಬೇಕಾಗಿತ್ತು. ಅಂಥವನು ಅಂದು ನಡೆದ.

ಸಂಜೆಯೊಳಗೆ ಕೇರಿ ತುಂಬ ಒಂದೇ ಮಾತು. ಇಷ್ಟು ವರ್ಷ ನಮ್ಮ ನಡುವೆಯೇ ಇದ್ದು, ನಮ್ಮ ಫ್ಯಾನಿಗೆ ಎಣ್ಣೆ ಬಿಡುತ್ತ, ಒಂದು ಮಾತೂ ಆಡದ ಮಹಾನುಭಾವ. ಅವನು ಯಾವತ್ತೂ ಜಂಬ ಕೊಚ್ಚಿಕೊಳ್ಳದಿರುವುದೇ ದೊಡ್ಡ ಸಾಕ್ಷಿಯಾಯಿತು. ನಿಜವಾಗಿ ಹೊಡೆದವನಲ್ಲದಿದ್ದರೆ ಇಷ್ಟು ವರ್ಷ ಸುಮ್ಮನಿರಲು ಸಾಧ್ಯವೇ ಎಂದು ಮೀನು ಮಾರುವವನು ಕೇಳಿದ.

ಎವಾರಿಸ್ತೊ ಮನೆಗೆ ಹೋದ. ಅವನ ಮನೆಯಲ್ಲಿ ಹೆಂಡತಿ ನೆರೇದಾ, ಮತ್ತು ಹೆಂಡತಿಯ ತಾಯಿ ದೋನ್ಯಾ ಕಾಸಿಲ್ದಾ. ಈ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆಕೆ ಅಳಿಯನ ಜೊತೆ ಇಪ್ಪತ್ತೇಳು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. "ಇವಳು ಕಟ್ಟಿಕೊಂಡವನು" ಎನ್ನುತ್ತಿದ್ದಳು. ಪಾತ್ರೆಯ ತಳ ಹಿಡಿದ ಗರಿಗರಿ ಅನ್ನ ನಮ್ಮಲ್ಲಿ ಮನೆಯ ಯಜಮಾನನಿಗೆ ಸಲ್ಲಬೇಕು. ಅದನ್ನು ಆಕೆ ಅಳಿಯನಿಗೆ ಕೊಡದೆ ಪಕ್ಕದ ಮನೆಯವರ ನಾಯಿಗೆ ಕೊಡುತ್ತಿದ್ದಳು, ಅಳಿಯನ ಎದುರಿಗೇ.

ಅಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ತಳದ ಅನ್ನವಿತ್ತು. ಎವಾರಿಸ್ತೊ ಅದನ್ನು ನೋಡಿದ. ನಾಯಿ ಕಿಟಕಿಯಿಂದ ಅವನನ್ನು ನೋಡಿತು.

ಅವನು ಪ್ರಾಮಾಣಿಕ, ಆದ್ದರಿಂದ ನಿಜ ಹೇಳಲು ಯತ್ನಿಸಿದ. "ಅತ್ತೆಮ್ಮ, ಬ್ಯಾಟು ಮಾತ್ರ ನಂದು" ಎಂದ. ದೋನ್ಯಾ ಕಾಸಿಲ್ದಾ ಮಗಳ ಕಡೆ ತಿರುಗಿ, "ನೋಡಿದೆಯಾ, ಎವಾರಿಸ್ತೊ ಎಷ್ಟು ವಿನಯವಂತ. ತಾನು ಹೊಡೆದೆ ಅನ್ನಲ್ಲ, ಬ್ಯಾಟು ಹೊಡೀತು ಅಂತಾನೆ" ಎಂದಳು. ತನ್ನ ಹೆಸರು ಅತ್ತೆಯ ಬಾಯಲ್ಲಿ ಹೀಗಿರುತ್ತದೆ ಎಂದು ಅವನಿಗೆ ಅದೇ ಮೊದಲು ಗೊತ್ತಾದದ್ದು. ಅವನು ತಳದ ಅನ್ನವನ್ನು ಬಾಯಿಗಿಟ್ಟ. ಬಾಯಿ ತುಂಬಿದ ಮೇಲೆ ನಿಜ ಹೇಳುವುದು ಕಷ್ಟ.

ಆಮೇಲೆ ಸಂಗತಿಗಳು ತಾವಾಗಿಯೇ ನಡೆದವು. ಬೀದಿಯಲ್ಲಿ ಜನ ತಡೆದು ಆ ಹೊಡೆತ ಹೇಗಿತ್ತು ಎಂದು ಕೇಳುತ್ತಿದ್ದರು. ಮೊದಲ ವಾರ "ಚೆನ್ನಾಗಿತ್ತು" ಎಂದಷ್ಟೇ ಹೇಳಿದ, ಅದು ಸುಳ್ಳಲ್ಲ. ಎರಡನೆಯ ವಾರ, ಚೆಂಡು ಹೇಗೆ ಬಂತು ಎಂದು ಕೈಯಲ್ಲಿ ತೋರಿಸಿದ, ಅದನ್ನೂ ಅವನು ಬೆಂಚಿನಿಂದ ಕಣ್ಣಾರೆ ಕಂಡಿದ್ದ. ಮೂರನೆಯ ವಾರದ ಹೊತ್ತಿಗೆ ಫ್ಯಾನಿನ ರೆಕ್ಕೆ ಹಿಡಿದುಕೊಂಡು, ಸೊಂಟ ತಿರುಗಿಸಿ, ಬೀಸಿ ತೋರಿಸುತ್ತಿದ್ದ. ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದ. ಅದನ್ನು ಜನ ಹಳೆಯ ಆಟದ ಗಾಯ ಎಂದರು.

ನಮ್ಮ ಕೇರಿಯ ನೆರೆಹೊರೆ ಸಂಘದ ಅಧ್ಯಕ್ಷರು ನಿವೃತ್ತ ಮೇಷ್ಟ್ರು ದೋನ್ ಅಬೆಲಾರ್ದೊ. ಭಾಷಣ ಮಾಡಲು ಸಂದರ್ಭ ಸಿಗದೆ ಸೊರಗಿದ್ದ ಮನುಷ್ಯ. ಅವರು ತಕ್ಷಣ ಸಭೆ ಕರೆದು, ಎವಾರಿಸ್ತೊನ ಮನೆಯ ಗೋಡೆಯ ಮೇಲೆ ಚಿತ್ರ ಬರೆಸಬೇಕೆಂದು ನಿರ್ಣಯ ಮಾಡಿಸಿದರು. ಪೇಂಟರನಿಗೆ ಹಡಗಿನ ಚಿತ್ರ ಮಾತ್ರ ಬರೆದು ಗೊತ್ತು. ಅವನು ಬರೆದ ಎವಾರಿಸ್ತೊನಿಗೆ ಹಡಗಿನಂಥ ಎದೆಯೂ ಹಾಯಿಯಂಥ ಕಿವಿಗಳೂ ಇದ್ದವು, ಕೈಯಲ್ಲಿ ಹುಟ್ಟು ಹಿಡಿದಂತೆ ಬ್ಯಾಟು. ಕೆಳಗೆ "ಆ ಹೋಮ್ ರನ್ನಿನ ಮನೆ" ಎಂದು ದಪ್ಪಕ್ಷರ. ದೋನ್ಯಾ ಕಾಸಿಲ್ದಾ ಬೆಳಗಾದರೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯಲು ಕೂರುತ್ತಿದ್ದಳು. ಹಾದುಹೋಗುವವರು ಗೋಡೆ ನೋಡದೆ ಹೋದರೆ ಕೆಮ್ಮುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅದೇ ಸಮಯಕ್ಕೆ ಸಾನ್ ಬೆನಿತೊದಲ್ಲಿ ಶ್ಯಾವಿಗೆ ಕಾರ್ಖಾನೆಯ ಸಾಹುಕಾರನೊಬ್ಬ ಹೆಜ್ಜಾರ್ಲೆ ತಂಡವನ್ನು ಮತ್ತೆ ಎಬ್ಬಿಸಿದ. ಹೆಸರು ಮಾಡಿದ ಹಳೆಯ ಆಟಗಾರರೆಲ್ಲ ದೇಶ ಬಿಟ್ಟು ಹೋಗಿದ್ದರು, ಬರಬೇಕಾದರೆ ವಿಮಾನದ ಮುಂದಿನ ಸೀಟು ಕೇಳುತ್ತಿದ್ದರು. ಆದ್ದರಿಂದ ಅವನು "ಮರೆತ ಆಟಗಾರರ ದಿನ" ಎಂದು ಘೋಷಿಸಿ, ನಿಮ್ಮ ಊರಲ್ಲಿ ಯಾರಾದರೂ ಇದ್ದರೆ ಫೋನು ಮಾಡಿ ಎಂದು ರೇಡಿಯೋದಲ್ಲಿ ಹೇಳಿಸಿದ. ದೋನ್ ಅಬೆಲಾರ್ದೊ ಫೋನು ಮಾಡಿದರು. ಅತ್ತ ಕಡೆ ಮಾತಾಡಿದ ಕಾರ್ಯದರ್ಶಿ ಮಿಗ್ದಾಲಿಯಾ ಎಂಬಾಕೆ ಶ್ಯಾವಿಗೆ ಲೆಕ್ಕದಲ್ಲಿ ಪಳಗಿದವಳು, ಚೆಂಡಾಟ ತಿಳಿಯದು. ಆಕೆ ಎಲ್ಲವನ್ನೂ ಬರೆದುಕೊಂಡು, ಫಲಕ ಸಿದ್ಧವಾಗುತ್ತದೆ, ಜನರನ್ನು ಕರೆತನ್ನಿ ಎಂದಳಂತೆ. ಸಂಘದವರು ಬಸ್ಸು ಗೊತ್ತುಮಾಡಿದರು, ಎವಾರಿಸ್ತೊನ ಹೆಸರು ಬರೆಸಿದ ಅಂಗಿ ಹೊಲಿಸಿದರು, ಡೋಲಿನವರಿಗೆ ಹೇಳಿದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ರೇಡಿಯೋ ಇನ್ನೊಂದು ಸುದ್ದಿ ಹೇಳಿತು. ಕಪ್ಪು ಗೆದ್ದ ವರ್ಷ ತಂಡದಲ್ಲಿದ್ದ ಅಮೆರಿಕದ ಆಟಗಾರನೊಬ್ಬನನ್ನು ಹುಡುಕಿ ಕರೆಸಲಾಗಿದೆ, ಅವನೇ ಮುಖ್ಯ ಅತಿಥಿ. ಓದುವವನು ಹೆಸರಿನ ಹತ್ತಿರ ಬಂದಾಗ ಕೆಮ್ಮಿದ.

ಎವಾರಿಸ್ತೊ ಆಗ ನನ್ನ ಅಂಗಡಿಯಲ್ಲಿದ್ದ. ಎದ್ದು, ಕತ್ತಿಗೆ ಕಟ್ಟಿದ್ದ ಬಟ್ಟೆಯ ಸಮೇತ ಮನೆಗೆ ಹೋಗಿ ಹಾಸಿಗೆಗೆ ಬಿದ್ದ. ಬೆಳಿಗ್ಗೆ ನಾವೆಲ್ಲ ಬಸ್ಸಿನ ಬಳಿ ಸೇರಿದಾಗ ಅವನಿಗೆ ಹೊಟ್ಟೆನೋವು, ತಲೆಸುತ್ತು, ಎಡಗಾಲಿನಲ್ಲಿ ಜೋಮು. ದೋನ್ಯಾ ಕಾಸಿಲ್ದಾ ಅಳಿಯನ ಕಾಯಿಲೆಗೆ ಕಿತ್ತಳೆ ಸಿಪ್ಪೆಯ ಕಷಾಯ ಕುಡಿಸಿ, ಹೊಟ್ಟೆಗೆ ಬಿಸಿ ಎಲೆ ಕಟ್ಟಿ, ಬಗ್ಗದಿದ್ದಾಗ ಹರಳೆಣ್ಣೆಯ ಬಾಟಲಿ ತಂದಳು. ಬಾಟಲಿ ಕಂಡೊಡನೆ ಎಡಗಾಲಿಗೆ ಜೀವ ಬಂತು. ನಾನು ಅವನಿಗೆ ಬೂಟು ಹಾಕುತ್ತಿದ್ದಾಗ ನೆರೇದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನೀವು ಹೊಡೆದಿಲ್ಲ ಅಂತ ನಂಗೊತ್ತು," ಎಂದಳು, ಮೆಲ್ಲಗೆ. "ನೀವು ಬೆಕ್ಕಿಗೆ ಚಪ್ಪಲಿ ಎಸೆದ್ರೆ ಅದು ಎದ್ದು ಕೂಡ ಹೋಗಲ್ಲ. ಮದುವೆಯಾದಾಗಿಂದ ನೋಡ್ತಿದೀನಿ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅಮ್ಮ ಊಟದ ಹೊತ್ತಲ್ಲಿ ನಿಮ್ಮ ಜೊತೆ ಮಾತಾಡ್ತಿದ್ರಲ್ಲ. ಇನ್ನೊಂದು ಸ್ವಲ್ಪ ದಿನ ಇರಲಿ ಅನ್ನಿಸ್ತು."

ನಾಲ್ಕು ಜನ ಸೇರಿ ಅವನನ್ನು ಬಸ್ಸಿಗೆ ಹತ್ತಿಸಿದೆವು.

ಸಾನ್ ಬೆನಿತೊದ ಮೈದಾನದ ಮುಂದೆ ನಮ್ಮ ಬಸ್ಸು ನಿಂತಾಗ ಅಲ್ಲಿ ಆಗಲೇ ಮೂರು ಬಸ್ಸು ನಿಂತಿದ್ದವು. ಮೂರರಿಂದಲೂ ಜನ ಇಳಿಯುತ್ತಿದ್ದರು, ಮೂರಕ್ಕೂ ಬೇರೆ ಬೇರೆ ಬಣ್ಣದ ಅಂಗಿ, ಬೇರೆ ಬೇರೆ ಡೋಲು. ನಾನು ಹತ್ತಿರದ ಹಸಿರಂಗಿಯವನ ಬೆನ್ನು ಓದಿದೆ. "ಆ ಹೋಮ್ ರನ್ ಹೊಡೆದ ಸಿರಿಯಾಕೊನ ಊರಿನವರು." ಹಳದಿ ಅಂಗಿಯಲ್ಲಿ, ಆ ಹೋಮ್ ರನ್ ಹೊಡೆದ ಅಮಾನ್ಸಿಯೊ. ಬಿಳಿ ಅಂಗಿಯವರು ಭಕ್ತರು. ಅವರದು, ದೇವರ ಕೃಪೆಯಿಂದ ಆ ಹೋಮ್ ರನ್ ಹೊಡೆದ ಪಾದ್ರಿ ಸಿಲ್ವೇರಿಯೊ.

ಡೋಲುಗಳು ಒಂದೊಂದಾಗಿ ನಿಂತವು. ನಾಲ್ಕು ಊರಿನ ಜನ ಪರಸ್ಪರರ ಎದೆ ಬೆನ್ನು ಓದುತ್ತ ಸುತ್ತಲೂ ತಿರುಗಿದರು. ಚಿಚೊ, ಇವರೆಲ್ಲ ನಮ್ಮ ಅಂಗಿಯಿಂದ ನಕಲು ಮಾಡಿದ್ದಾರೆ ಎಂದು ಘೋಷಿಸಿದ. ಹಸಿರಂಗಿಯ ಹೆಂಗಸೊಬ್ಬಳು, ನಿಮ್ಮವನನ್ನು ತೋರಿಸಿ, ಅವನ ತೋಳು ನೋಡಬೇಕು ಎಂದಳು. ನಾವು ಎವಾರಿಸ್ತೊನ ತೋಳು ತೋರಿಸಲಿಲ್ಲ. ದೋನ್ಯಾ ಕಾಸಿಲ್ದಾ ಅವಳಿಗೆ ಬೀಸಣಿಗೆಯಿಂದ ಎರಡು ಬಾರಿಸಿದಳು. ಆಮೇಲೆ ನಡೆದದ್ದನ್ನು ವಿವರಿಸಲು ಹೋಗುವುದಿಲ್ಲ. ಭಕ್ತರು ಮಾತ್ರ ಕೈ ಮಾಡಲಿಲ್ಲ, ಅವರು ಡೋಲಿನಿಂದ ಹೊಡೆದರು.

ಈ ಗದ್ದಲದ ನಡುವೆ ನಾಲ್ವರು ಮುದುಕರು ಒಬ್ಬರನ್ನೊಬ್ಬರು ಕಂಡರು. ಅಮಾನ್ಸಿಯೊ ಈಗ ಶವಪೆಟ್ಟಿಗೆ ಮಾಡಿ ಮಾರುವವನು, ಉದ್ದನೆಯ ಗಂಭೀರ ಮುಖ. ಯಾರನ್ನು ಕಂಡರೂ ಕಣ್ಣಿನಿಂದಲೇ ಅಳತೆ ತೆಗೆಯುತ್ತಿದ್ದ. ಸಿರಿಯಾಕೊ ಕರಿದ ತಿಂಡಿ ಮಾರುತ್ತಾನೆ, ಅವನ ಹೊಟ್ಟೆ ಅವನಿಗಿಂತ ಮೊದಲು ಬರುತ್ತಿತ್ತು. ಸಿಲ್ವೇರಿಯೊ ಕುಡಿತ ಬಿಟ್ಟು ಪಾದ್ರಿಯಾದವನು. ಎಲ್ಲರೂ ಆ ವರ್ಷ ಒಂದೇ ಬೆಂಚಿನ ಮೇಲೆ ಕೂತವರು, ಆಮೇಲೆ ಭೇಟಿಯಾಗದವರು. ತಬ್ಬಿಕೊಂಡರು. ತಬ್ಬಿಕೊಂಡಾಗ ಒಬ್ಬೊಬ್ಬರೂ ಇನ್ನೊಬ್ಬರ ಅಂಗಿ ಓದಿದರು. ಓದಿ ನೆಲ ನೋಡಿದರು.

"ನಿಂಗೂ ಸೀನು ಬಂತೇನೋ?" ಎಂದು ಎವಾರಿಸ್ತೊ ಅಮಾನ್ಸಿಯೊನನ್ನು ಕೇಳಿದ.

ಅಮಾನ್ಸಿಯೊನಿಗೆ ಸೀನು ಬಂದಿರಲಿಲ್ಲ. ಚೆಂಡು ಹಾರಿದಾಗ ಮೊದಲನೆಯ ಬೇಸಿನಲ್ಲಿ ನಿಂತಿದ್ದವನು ಅವನು, ಅವನೂ ಓಡಿ ರನ್ ಮಾಡಿದ್ದ. ಆ ಹೋಮ್ ರನ್ನಿನಲ್ಲಿ ಓಡಿದ್ದು ನಾನೇ ಎಂದು ಗಿರಾಕಿಯೊಬ್ಬನಿಗೆ ಹೇಳಿದ್ದನಂತೆ. ದುಃಖದಲ್ಲಿದ್ದ ಗಿರಾಕಿ ಅರ್ಧ ಕೇಳಿಸಿಕೊಂಡ. ಸಿರಿಯಾಕೊ ಅಂದು ಹೊಡೆದವನಿಗೆ ಸಾರು ಕುಡಿಸಿದವನು, ಅವನ ಗಿರಾಕಿಗಳಿಗೂ ಅರ್ಧವೇ ಕೇಳಿಸಿತು. ಪಾದ್ರಿ ಸಿಲ್ವೇರಿಯೊ ಮಾತ್ರ ತಾನು ಸುಳ್ಳು ಹೇಳಿಯೇ ಇಲ್ಲ, ದೃಷ್ಟಾಂತ ಹೇಳಿದೆ, ಭಕ್ತರು ಅದನ್ನು ಅಕ್ಷರಶಃ ತೆಗೆದುಕೊಂಡರು ಎಂದ.

ವೇದಿಕೆ ಮೈದಾನದ ನಡುವೆ ಇತ್ತು. ಕಾರ್ಯದರ್ಶಿ ಮಿಗ್ದಾಲಿಯಾ ನಾಲ್ಕು ಫಲಕಗಳನ್ನು ಸಾಲಾಗಿ ಜೋಡಿಸಿದ್ದಳು. ನಾಲ್ಕರ ಮೇಲೂ ಒಂದೇ ಬರಹ: "ಆ ಹೋಮ್ ರನ್ ಹೊಡೆದ ವೀರನಿಗೆ." ಎಲ್ಲ ಊರಿನವರೂ ಫೋನಿನಲ್ಲಿ ಅದನ್ನೇ ಹೇಳಿದ್ದರಿಂದ, ಮದುವೆ ಪತ್ರಿಕೆಯಲ್ಲಿ ಬರೆಯುವಂತೆ ಇದೂ ಒಂದು ವಾಡಿಕೆಯ ಮಾತೆಂದು ಆಕೆ ತಿಳಿದಿದ್ದಳಂತೆ. ಒಟ್ಟಿಗೆ ಮಾಡಿಸಿದ್ದರಿಂದ ಅಗ್ಗವೂ ಆಯಿತು ಎಂದು ಸಾಹುಕಾರನಿಗೆ ವಿವರಿಸುತ್ತಿದ್ದಳು. ಸಾಹುಕಾರನ ಮುಖ ಬೆಂದ ಶ್ಯಾವಿಗೆಯಂತಾಗಿತ್ತು. ಗ್ಯಾಲರಿಯ ನಾಲ್ಕು ಮೂಲೆಯಿಂದ ನಾಲ್ಕು ಹೆಸರು ಕೂಗುತ್ತಿದ್ದರು, ನಡುನಡುವೆ ಕಿತ್ತಳೆ ಹಣ್ಣು ಹಾರಿಬರುತ್ತಿತ್ತು.

ಆಗ ಸಾಹುಕಾರನಿಗೆ ಒಂದು ಉಪಾಯ ಹೊಳೆಯಿತು. ಮೈಕು ಹಿಡಿದು, ಜಗಳ ಬೇಡ, ಅಂದು ಮೈದಾನದಲ್ಲಿದ್ದ ಸಾಕ್ಷಿಯೇ ನಮ್ಮ ನಡುವೆ ಇದ್ದಾರೆ, ಈ ನಾಲ್ವರಲ್ಲಿ ಹೊಡೆದವರು ಯಾರೆಂದು ಮುಖ್ಯ ಅತಿಥಿಗಳೇ ಬೆರಳು ಮಾಡಿ ತೋರಿಸುತ್ತಾರೆ ಎಂದ.

ಕುರ್ಚಿಯಿಂದ ಒಬ್ಬ ಎತ್ತರದ ಮುದುಕ ಎದ್ದ. ಬಿಸಿಲಿಗೆ ಕೆಂಪಾದ ಮೂಗು, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಟೋಪಿ. ನಾನು ಎವಾರಿಸ್ತೊನ ಹಿಂದೆಯೇ ನಿಂತಿದ್ದೆ. ಬೀಳದಂತೆ ಹಿಡಿದುಕೊಳ್ಳಲು ನನ್ನನ್ನು ನೇಮಿಸಿದ್ದರು. ಬೆವರಿನಿಂದ ಅವನ ಅಂಗಿಯ ಬಣ್ಣ ನನ್ನ ಕೈಗೆ ಹತ್ತುತ್ತಿತ್ತು.

ಹಾಕೆನ್‌ಬೆರಿ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಬಸ್ಸಿನ ಮಕ್ಕಳಲ್ಲಿ ಅರ್ಧ ಮೆಕ್ಸಿಕೋದವರಾದ್ದರಿಂದ ನಮ್ಮ ಭಾಷೆ ಬರುತ್ತಿತ್ತು, ಆದರೆ ಮಕ್ಕಳ ಭಾಷೆ. ಅವನು ನಾಲ್ವರ ಮುಖವನ್ನೂ ನಿಧಾನವಾಗಿ ನೋಡಿದ.

"ನಂಗೆ ಗೊತ್ತಿಲ್ಲ," ಎಂದ. "ಅವತ್ತು ನಂಗೆ ಜ್ವರ. ಆಟ ನೋಡಿಲ್ಲ. ನಿಮ್ಮ ಊರಲ್ಲಿ ಆರು ವಾರ ಇದ್ದೆ, ಒಂದು ಚೆಂಡೂ ಹೊಡೀಲಿಲ್ಲ. ನನ್ನನ್ನ ಕರೆದಿದ್ದು ತಪ್ಪಾಗಿ ಇರ್ಬೇಕು, ಅದನ್ನ ಹೇಳೋಕೇ ಬಂದೆ."

ಅವನು ಟೋಪಿಯನ್ನು ಕೈಯಲ್ಲಿ ತಿರುವಿದ.

"ಜ್ವರದಲ್ಲಿ ಒಂದು ಕನಸು ಬಿತ್ತು. ನಾನೇ ಹೊಡೆದ ಹಾಗೆ. ಎದ್ದಾಗ ನಮ್ಮೂರಿನ ಆಸ್ಪತ್ರೆಯಲ್ಲಿದ್ದೆ. ಹೆಂಡತಿಗೆ ಹೇಳಿದೆ, ಮಾತ್ರೆ ತಗೊಂಡು ಮಲಗು ಅಂದ್ಲು. ಆಮೇಲೆ ಯಾರಿಗೂ ಹೇಳಿಲ್ಲ."

ಒಬ್ಬ ನಕ್ಕ. ಅದು ಇನ್ನೊಬ್ಬನಿಗೆ ಹತ್ತಿತು. ಮರುಕ್ಷಣ ನಾಲ್ಕು ಊರಿನ ಜನವೂ ಮೊದಲ ಬಾರಿಗೆ ಒಂದಾಗಿ ನಗುತ್ತಿದ್ದರು. ಈಗ ಐದನೆಯವನೂ ಬಂದ, ಅದೂ ಕನಸಿನಲ್ಲಿ ಹೊಡೆದವನು. ಚಿಚೊ ನಗುತ್ತ ನಗುತ್ತ ಕೆಳಗೆ ಕೂತುಬಿಟ್ಟ. ಹಾಕೆನ್‌ಬೆರಿಯೂ ಸ್ವಲ್ಪ ನಕ್ಕು, ಟೋಪಿ ಹಾಕಿಕೊಂಡು, ಮೆಟ್ಟಿಲು ಹುಡುಕಿಕೊಂಡು ಇಳಿಯತೊಡಗಿದ.

ಎವಾರಿಸ್ತೊನಿಗೆ ಅದಕ್ಕಿಂತ ಒಳ್ಳೆಯ ಅದೃಷ್ಟ ಬರಲು ಸಾಧ್ಯವಿರಲಿಲ್ಲ. ಸಾಕ್ಷಿಯೇ ಕಾಲ್ತೆಗೆದಿದ್ದ. ಫಲಕ ನಾಲ್ಕಿದ್ದವು, ಆಟಗಾರರೂ ನಾಲ್ವರು. ತಲೆಗೊಂದು ಹಂಚಿಕೊಂಡು ಊರು ಸೇರಿದ್ದರೆ ಮುಗಿದಿತ್ತು. ನಾನು ಅದನ್ನೇ ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಆದರೆ ಕಿವಿ ಅಲ್ಲಿರಲಿಲ್ಲ. ಅವನು ನನ್ನ ಕೈ ಕೊಡವಿಕೊಂಡು ಹೋಗಿ ಸಾಹುಕಾರನ ಕೈಯಿಂದ ಮೈಕು ಕಿತ್ತುಕೊಂಡಿದ್ದ.

"ಸ್ವಾಮಿ, ನಿಂತ್ಕೊಳ್ಳಿ. ಅದು ಕನಸಲ್ಲ."

ಹಾಕೆನ್‌ಬೆರಿ ಮೆಟ್ಟಿಲ ಮೇಲೆ ನಿಂತ.

"ಹೊಡೆದಿದ್ದು ನೀವೇ. ನಾನಲ್ಲ. ನಾನು ಸುಳ್ಳುಗಾರ," ಎಂದ ಎವಾರಿಸ್ತೊ. ಆ ಮೈಕಿನ ಶಬ್ದ ಮೈದಾನದ ಹೊರಗೆ ಬಾಳೆಕಾಯಿ ಮಾರುವವರ ತನಕ ಹೋಗುತ್ತಿತ್ತು. "ಬ್ಯಾಟು ನಂದು. ನಿಮ್ಮದು ಮುರಿದಿತ್ತು. ನಾನು ಕೊಡುವಾಗ ಅಳ್ತಿದ್ದೆ, ಯಾಕಂದ್ರೆ ನಂಗಿದ್ದಿದ್ದು ಅದೊಂದೇ. ಕನಸಲ್ಲಿ ಯಾರಾದ್ರೂ ಅತ್ರಾ?"

ಹಾಕೆನ್‌ಬೆರಿ ಒಂದು ಮೆಟ್ಟಿಲು ಮೇಲೆ ಹತ್ತಿದ. "ಒಬ್ಬ ಅಳ್ತಿದ್ದ," ಎಂದ. "ಬೋಳು ತಲೆ ಇರ್ಲಿಲ್ಲ."

ಅಷ್ಟು ಹೊತ್ತಿಗೆ ಪಾದ್ರಿ ಸಿಲ್ವೇರಿಯೊ ಮೈಕಿಗೆ ಬಾಯಿ ಹಾಕಿದ್ದ. ಓಕೆಂಬೇರಿಗೆ ಜ್ವರದಲ್ಲಿ ಒಂದು ಚೆಂಡು ಎರಡಾಗಿ ಕಾಣುತ್ತಿತ್ತು, ಯಾವುದನ್ನು ಹೊಡೆಯಲಿ ಎಂದು ಸನ್ನೆಯಲ್ಲಿ ಕೇಳಿದ, ನಾನು ಕಿರುಚಿದಾಗ ಎರಡನ್ನೂ ಸೇರಿಸಿ ಬೀಸು ಎಂದು ಬೆಂಚಿನಿಂದ ತೋರಿಸಿಕೊಟ್ಟವನು ನಾನು ಎಂದ. ಸಿರಿಯಾಕೊ ಅವನನ್ನು ಹೊಟ್ಟೆಯಿಂದ ಪಕ್ಕಕ್ಕೆ ತಳ್ಳಿ, ಅಂದು ಮಧ್ಯಾಹ್ನ ಚಮಚೆಯಲ್ಲಿ ಸಾರು ಕುಡಿಸದಿದ್ದರೆ ಇವನು ಎದ್ದು ನಿಲ್ಲುತ್ತಲೇ ಇರಲಿಲ್ಲ, ಕೋಳಿ ಸಾರು, ಅದರಲ್ಲಿ ನಾಲ್ಕು ಬಗೆಯ ಗೆಡ್ಡೆ ಎಂದ. ಮೂರೇ ಗೆಡ್ಡೆ ಎಂದ ಸಿಲ್ವೇರಿಯೊ. ಅಮಾನ್ಸಿಯೊನ ಗಂಭೀರ ಮುಖದಲ್ಲಿ ಕಣ್ಣೀರು ಇಳಿಯುತ್ತಿತ್ತು. ಹಿಂದಿನಿಂದ ಬರುವವನು ಮುಂದಿನವನನ್ನು ದಾಟಿದರೆ ಔಟು ಎಂಬುದು ನಿಯಮ ಎಂದು ಅವನು ಶುರುಮಾಡಿದ. ಇವನು ಹೊಡೆದ ಮೇಲೆ ಕುಡಿದವನ ಹಾಗೆ ಅಡ್ಡಾದಿಡ್ಡಿ ಬರುತ್ತಿದ್ದ, ಮುಂದಿದ್ದ ನಾನು ಪ್ರತಿ ಹೆಜ್ಜೆಗೂ ಹಿಂದೆ ತಿರುಗಿ ದಾರಿ ತೋರಿಸುತ್ತ ಓಡಿದೆ, ಕೊನೆಗೆ ಬಂದು ನನ್ನ ಎದೆಯ ಮೇಲೇ ಬಿದ್ದ, ಆಗಲೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು ಎಂದು ಅವನು ಹೇಳಿದ. ಮರುದಿನ ಬೆಳಿಗ್ಗೆ ಪ್ರಜ್ಞೆ ತಪ್ಪಿದ್ದವನನ್ನು ವಿಮಾನಕ್ಕೆ ಹಾಕಿ ಕಳಿಸಿದ್ದರು. ಕಪ್ಪು ಗೆದ್ದೆವೆಂದು ಅವನಿಗೆ ಹೇಳಲು ಯಾರಿಗೂ ತೋಚಿರಲಿಲ್ಲ.

ನಾಲ್ವರೂ ಇಷ್ಟು ಹೊತ್ತು ಬಾಯಿಬಿಡದೆ ಕಾಪಾಡಿಕೊಂಡಿದ್ದ ಹೋಮ್ ರನ್ನನ್ನು ಈಗ ಅವನ ಮೇಲೆ ಹೇರಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಹಾಕೆನ್‌ಬೆರಿ ಒಪ್ಪದೆ ಅನುಮಾನದಿಂದ ಒಂದೊಂದೇ ಪ್ರಶ್ನೆ ಕೇಳುತ್ತಿದ್ದ. ಚೆಂಡು ಹೋಗಿ ಎಲ್ಲಿ ಬಿತ್ತು ಎಂದು ಕೊನೆಗೆ ಕೇಳಿದ. ಬಾಳೆಕಾಯಿ ಗಾಡಿಗೆ ಎಂದು ನಾಲ್ವರೂ ಹೇಳುವ ಮೊದಲೇ ಗ್ಯಾಲರಿಯ ಅಷ್ಟೂ ಜನ ಒಟ್ಟಿಗೆ ಹೇಳಿದರು.

ಅವನು ಮೆಟ್ಟಿಲ ಮೇಲೆಯೇ ಕೂತ. ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡ. ಆಮೇಲೆ ಜೇಬಿನಿಂದ ಫೋನು ತೆಗೆದು, ಹೆಂಡತಿಗೆ ಫೋನು ಮಾಡಿ, ತನ್ನ ಭಾಷೆಯಲ್ಲಿ ಏನೋ ಕೂಗಿದ. ನಮಗೆ ಅರ್ಥವಾಗಲಿಲ್ಲ. ಮಾತ್ರೆಯ ಮಾತು ಬಂದಿರಬೇಕು.

ಕಾರ್ಯದರ್ಶಿ ಮಿಗ್ದಾಲಿಯಾಗೆ ಆಟ ಅರ್ಥವಾಗದಿದ್ದರೂ ಲೆಕ್ಕ ಅರ್ಥವಾಯಿತು. ಫಲಕದ ಬರಹಕ್ಕೆ ಈಗ ಒಬ್ಬನೇ ಹಕ್ಕುದಾರ. ಆಕೆ ನಾಲ್ಕನ್ನೂ ತಂದು ಅವನ ಮಡಿಲಿಗೆ ಹಾಕಿ ಸಹಿ ತೆಗೆದುಕೊಂಡಳು. ಅವನು ಸೌದೆ ಹೊತ್ತವನಂತೆ ಅವನ್ನು ಎದೆಗೆ ಅಪ್ಪಿಕೊಂಡು ಮೈದಾನ ದಾಟಿದ. ಜನ ಎದ್ದು ನಿಂತು ಅವನ ಹೆಸರು ಕೂಗಲು ಹೋಗಿ, ಎಲ್ಲರೂ ಒಟ್ಟಿಗೆ ಕೆಮ್ಮಿದರು.

ವಾಪಸು ಬರುವಾಗ ನಮ್ಮ ಬಸ್ಸಿನಲ್ಲಿ ಡೋಲುಗಳು ಸೀಟಿನ ಕೆಳಗಿದ್ದವು. ದೋನ್ ಅಬೆಲಾರ್ದೊ ಓದಲಾಗದ ಭಾಷಣವನ್ನು ಮಡಚಿ ಬೀಸಣಿಗೆ ಮಾಡಿಕೊಂಡಿದ್ದರು. ಚಿಚೊ, ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು ಶುರುಮಾಡಿದಾಗ ಎಲ್ಲರೂ ತಿರುಗಿ ಅವನನ್ನು ನೋಡಿದರು, ಅವನು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡಿದ. ಎವಾರಿಸ್ತೊ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನೆರೇದಾ ಅವನ ಪಕ್ಕದಲ್ಲಿ ಮುಖಕ್ಕೆ ಕರ್ಚೀಫು ಹಿಡಿದುಕೊಂಡಿದ್ದಳು. ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋದೆ, ನಗುತ್ತಿದ್ದಳು. ದೋನ್ಯಾ ಕಾಸಿಲ್ದಾ ಡ್ರೈವರನ ಪಕ್ಕದಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಆಮೇಲಿನ ದಿನಗಳಲ್ಲಿ ಆಕೆ ಅಳಿಯನೊಡನೆ ಮಾತಾಡಲಿಲ್ಲ. ಮಗಳೊಡನೆಯೂ ಇಲ್ಲ. ಕುರ್ಚಿ ಹೊರಗೆ ಬರಲಿಲ್ಲ. ಗೋಡೆಯ ಚಿತ್ರಕ್ಕೆ ಸುಣ್ಣ ಬಳಿಯಬೇಕೋ, ಬ್ಯಾಟು ಅಳಿಸಿ ಹುಟ್ಟು ಮಾಡಿ ಮೀನುಗಾರನೆಂದು ಬರೆಸಬೇಕೋ ಎಂದು ಸಂಘದಲ್ಲಿ ಚರ್ಚೆ ನಡೆಯಿತು. ಎವಾರಿಸ್ತೊ ಬೆಳಿಗ್ಗೆ ಎದ್ದು, ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಓಣಿಯಿಂದ ತನ್ನ ಅಂಗಡಿಗೆ ಹೋಗಿ, ಕೆಟ್ಟಿರದ ಫ್ಯಾನುಗಳನ್ನೂ ಬಿಚ್ಚಿ ಜೋಡಿಸುತ್ತಿದ್ದ.

ವಾರದ ಕೊನೆಗೆ ಮೇಲಿನ ಕೇರಿಯ ತಾರ್ಸಿಲಾ ನಮ್ಮ ಬೀದಿಗೆ ಬಂದಳು. ಕರಿದ ರೊಟ್ಟಿ ಮಾರುವವಳು. ಅಂದು ರೊಟ್ಟಿಯ ಬುಟ್ಟಿ ಒಂದು ನೆಪ ಮಾತ್ರ, ಅದರಲ್ಲಿ ರೊಟ್ಟಿ ಇರಲೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಎವಾರಿಸ್ತೊನ ಮನೆಯ ಮುಂದೆ ನಿಂತು, ಗೋಡೆಯ ಚಿತ್ರವನ್ನು ಮೇಲಿನಿಂದ ಕೆಳಗೆ ನೋಡಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು: "ದೋನ್ಯಾ ಕಾಸಿಲ್ದಾ, ನಿಮ್ಮಳಿಯ ಸುಳ್ಳುಗಾರನಂತೆ. ರೇಡಿಯೋದಲ್ಲೇ ಬಂತಂತೆ."

ನಾನು ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದೆ. ಮೀನಂಗಡಿಯವನು ತಕ್ಕಡಿ ಬಿಟ್ಟು ಬಂದ. ಎದುರು ಚಿಚೊ ತಾನಾಗಿ ಎದ್ದು ನಿಂತ. ಎವಾರಿಸ್ತೊನೂ ಸ್ಕ್ರೂಡ್ರೈವರ್ ಹಿಡಿದು ಓಣಿಯ ಮೂಲೆಯಲ್ಲಿ ನಿಂತಿದ್ದ, ಮುಂದೆ ಬರಲು ಅವನಿಗೆ ಧೈರ್ಯವಿರಲಿಲ್ಲ.

ಮನೆಯ ಬಾಗಿಲು ತೆರೆಯಿತು. ದೋನ್ಯಾ ಕಾಸಿಲ್ದಾ ಹೊರಬಂದು, ಎರಡೂ ಕೈ ಸೊಂಟಕ್ಕಿಟ್ಟು, ತಾರ್ಸಿಲಾಳನ್ನು ನೋಡಿದಳು.

"ಹೌದು ಕಣೇ," ಎಂದಳು. "ಮೈದಾನ ತುಂಬ ಜನ, ಕೈಲಿ ಮೈಕು, ಎಲ್ಲರ ಎದುರಿಗೆ ನನ್ನಳಿಯ ನಾನು ಸುಳ್ಳುಗಾರ ಅಂದ. ನಿನ್ನ ಗಂಡ ಒಂದ್ಸಲನಾದ್ರೂ ಅಡುಗೆಮನೆಯಲ್ಲಿ ಬಾಗಿಲು ಹಾಕ್ಕೊಂಡು ಅಂದಿದಾನಾ?"